ಬಾಗಿಲ ಪಕ್ಕದ ಮಣೆ

ಕಾರ್ಗಲ್
೧೯೬೬, ಸೋಮವಾರ

ತೀರ್ಥಹಳ್ಳಿಯ ಶೀಲಾವತಿ ಸಿಸ್ಟರ್‌ಗೆ, ನನ್ನ ಶೀಲಕ್ಕನಿಗೆ,

ನಿಮ್ಮ ಪುಷ್ಪಳ ನಮಸ್ಕಾರ. ಮದುವೆಯಾದ ಮೇಲೆ ಒಂದು ಕಾಗದವನ್ನೂ ಹಾಕಲಿಲ್ಲ ಎಂದು ಬೈದುಕೊಂಡಿರುತ್ತೀರಿ. ಬೈಯಿರಿ, ಆದರೆ ಇದನ್ನು ಓದಿದ ಕೂಡಲೇ ಹೊರಡಿ.

ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ಮೊದಲ ದಿನ ನೀವು ಭುಜ ಹಿಡಿದು ನನ್ನ ಕುರ್ಚಿ ಬದಲಿಸಿದ್ದು ನೆನಪಿದೆಯೇ? "ನರ್ಸು ಬಾಗಿಲ ಪಕ್ಕ ಕೂರಬೇಕು ಕಣೆ, ರೋಗಿ ಒಳಗಡೆ" ಅಂದಿದ್ದಿರಿ. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಇಲ್ಲೂ ಊಟಕ್ಕೆ ಬಾಗಿಲ ಪಕ್ಕವೇ ಮಣೆ ಹಾಕಿಕೊಳ್ಳುತ್ತಿದ್ದೆ. "ಎಲ್ಲಿಗೆ ಓಡಕ್ಕೆ ಕಾಯ್ತಿದೀಯೇ ಮಾರಾಯ್ತಿ?" ಎಂದು ಅತ್ತೆ ವರದಮ್ಮ ನಗುತ್ತಿದ್ದರು.

ಮದುವೆ ಮಾತುಕತೆಯಲ್ಲಿ ಅಪ್ಪ "ದೊಡ್ಡಾಸ್ಪತ್ರೆ ನರ್ಸು" ಎಂದಷ್ಟೇ ಹೇಳಿದ್ದರಂತೆ. ಇಲ್ಲೊಬ್ಬ ಡಾಕ್ಟರ ಬಳಿ ಕೆಲಸ ಕೇಳಲು ಹೋದರೆ, "ಹುಚ್ಚರನ್ನ ಕಾಯೋಕೂ ಓದಬೇಕಾ? ಅದು ಕಾವಲುಗಾರನ ಕೆಲ್ಸ ಅಲ್ವೇನ್ರೀ?" ಅಂದರು. ಮೈಯೆಲ್ಲ ಉರಿದುಹೋಯಿತು.

ಆಮೇಲೆ ಪಕ್ಕದ ಮನೆಯ ಬಾಣಂತಿ ಹುಲಿಗೆಮ್ಮ ಮಗುವನ್ನು ಮುಟ್ಟದೆ ಗೋಡೆಯ ಜೊತೆ ಮಾತಾಡತೊಡಗಿದಳು. ಎಲ್ಲರೂ ಬಾಗಿಲು ಹಾಕಿಕೊಂಡರು. ನಾನು ದಿನಾ ಹೋಗಿ ತಲೆ ಬಾಚಿದೆ, ಅನ್ನ ಉಣ್ಣಿಸಿದೆ, ಸುಮ್ಮನೆ ಜೊತೆಗೆ ಕೂತೆ. ಕೊನೆಗೊಂದು ದಿನ ಅವಳೇ ಮಗುವನ್ನು ಎತ್ತಿಕೊಂಡಳು. "ಹೆಂಗೆ ಮಾಡಿದ್ರಿ?" ಎಂದು ಹೆಂಗಸರು ಕೇಳಿದಾಗ ಜಂಬದಿಂದ ನನ್ನ ಓದನ್ನೆಲ್ಲ ಹೇಳಿಬಿಟ್ಟೆ. ಸಂಜೆಯೊಳಗೆ ಕಾಲೋನಿಗೆಲ್ಲ ಸುದ್ದಿ: ಡ್ಯಾಮಿನ ಗುಮಾಸ್ತ ಗಣೇಶಮೂರ್ತಿಯ ಹೆಂಡತಿ ಹುಚ್ಚಾಸ್ಪತ್ರೆಯಲ್ಲಿದ್ದವಳು. ನರ್ಸಾಗಿ ಎಂಬುದು ದಾರಿಯಲ್ಲೇ ಬಿದ್ದುಹೋಗಿತ್ತು.

ಈಗ ನಾನು ಏನೆಂದರೂ ಅತ್ತೆ "ಹೌದಮ್ಮಾ, ಹೌದು" ಎಂದು ಮೆಲ್ಲಗೆ ತಲೆಯಾಡಿಸುತ್ತಾರೆ. ವಾರ್ಡಿನಲ್ಲಿ ನಾವೂ ಹಾಗೇ ಮಾಡುತ್ತಿದ್ದೆವಲ್ಲ ಅಕ್ಕಾ. ಕೂಗಿದರೆ ಹುಚ್ಚು ಕೆರಳಿತು ಅನ್ನುತ್ತಾರೆ, ಸುಮ್ಮನಿದ್ದರೆ ಮಂಕು ಕವಿದಿದೆ ಅನ್ನುತ್ತಾರೆ. ಯಜಮಾನರು ಕೆಟ್ಟವರಲ್ಲ. "ಸ್ವಲ್ಪ ದಿನ ಅಷ್ಟೇ ಪುಷ್ಪಾ, ಹಠ ಮಾಡ್ಬೇಡ" ಎಂದು ಅಳುತ್ತಾರೆ. ನನಗೆ ಹೆಚ್ಚು ಭಯವಾಗುವುದು ಆ ಅಳುವಿಗೇ.

ಶುಕ್ರವಾರ ಹೊಳೆಬಾಗಿಲು ಕಡವಿನಲ್ಲಿ ದೋಣಿ ಹತ್ತಿಸಿ ಆಚೆ ದಡದ ಮಂತ್ರವಾದಿಯ ಮನೆಗೆ ಕರೆದೊಯ್ಯುತ್ತಾರಂತೆ. ಕಂಬಕ್ಕೆ ಕಟ್ಟಿ ದೆವ್ವ ಬಿಡಿಸುವವನು. ಅಂಥ ಕಡೆಯಿಂದ ಬಂದವರ ಮಣಿಕಟ್ಟಿನ ಗಾಯಕ್ಕೆ ನಾವಿಬ್ಬರೂ ಮುಲಾಮು ಹಚ್ಚಿದ್ದೇವೆ.

ನಿನ್ನೆಯಿಂದ ಬಾಗಿಲ ಪಕ್ಕದ ಮಣೆಯಲ್ಲಿ ಮೈದುನ ಕೂರುತ್ತಿದ್ದಾನೆ. ನನಗೆ ಗೋಡೆ ಕಡೆ ಜಾಗ. ಅವನಿಗೆ ಅದನ್ನು ಯಾರೂ ಕಲಿಸಿಲ್ಲ.

ಈ ಕಾಗದವನ್ನು ಟಪಾಲಿಗೆ ಹಾಕಲು ಹುಲಿಗೆಮ್ಮನ ಕೈಗೆ ಕೊಡುತ್ತಿದ್ದೇನೆ. ಇಲ್ಲಿ ನನ್ನನ್ನು ನಂಬುವವಳು ಅವಳೊಬ್ಬಳೇ. ನೀವು ಬಿಳಿ ಸೀರೆ ಉಟ್ಟು, ಟೋಪಿ ಹಾಕಿಕೊಂಡೇ ಬನ್ನಿ. ಬೀದಿಗೂ ಕೇಳುವ ಹಾಗೆ "ಇವಳು ನಮ್ಮ ನರ್ಸು" ಅನ್ನಿ. ಅದನ್ನು ನಾನೇ ಹೇಳಿದರೆ ರೋಗದ ಲಕ್ಷಣವಾಗುತ್ತದೆ.

ಒಳಗೆ ಬಂದ ಕೂಡಲೇ ಮೈದುನನನ್ನು ಎಬ್ಬಿಸಿ ಆ ಮಣೆಯ ಮೇಲೆ ಕೂತುಬಿಡಿ ಅಕ್ಕಾ. ಅಲ್ಲಿ ಕೂತವರ ಮಾತನ್ನೇ ಎಲ್ಲರೂ ನಂಬುವುದು.

ನಿಮ್ಮ ಬಸ್ಸು ಆ ದೋಣಿಗಿಂತ ಮೊದಲು ಬರಲಿ, ದಾರಿಯುದ್ದಕ್ಕೂ ದೇವರು ನಿಮ್ಮ ಜೊತೆಗಿರಲಿ.

ಇಂತಿ,
ನರ್ಸ್ ಪುಷ್ಪ