ಚಳಿಗಾಲದ ಮೊದಲ ಕೊಯ್ಲು

ಮಂಗಳವಾರ, ಇನ್ನೂ ಬೆಳಕು ಹರಿದಿಲ್ಲ

ಪ್ರೀತಿಯ ಅಕ್ಕನಿಗೆ,

ಎರಡೂಕಾಲು ಗಂಟೆಗೆ ಅಡುಗೆಮನೆಯಲ್ಲಿ ಡಬ್ಬದ ಮುಚ್ಚಳ ಟಪ್ಪೆಂದು ತೆರೆದ ಸದ್ದಿಗೆ ಎದ್ದು ಕುಳಿತೆ. ಎದ್ದೆ ಅನ್ನಲಿಕ್ಕೆ ನಿದ್ದೆಯಾದರೂ ಎಲ್ಲಿ ಬಂದಿತ್ತು? ನಿನ್ನ ಹಿಂದಿನ ಕಾಗದಕ್ಕೆ ಇನ್ನೂ ಉತ್ತರ ಬರೆದಿಲ್ಲ, ಕ್ಷಮಿಸು. ಈಗ ಬರೆಯುತ್ತಿರುವುದೂ ಉತ್ತರವಲ್ಲ. ನಿನ್ನ ಫೋನಂತೂ ಮಲಗುವಾಗ ನಿನ್ನ ಜೊತೆಗೇ ಮಲಗುತ್ತದೆ. ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್. ಕೆಳಗಿನ ಮನೆಯ ವ್ಯಾನಿನವರು ಲೋಡ್ ತರಲು ನಿಮ್ಮ ಕಡಲಪಾಚಿ ಒಣಗಿಸುವ ಶೆಡ್ಡಿಗೇ ಹೊರಟಿದ್ದಾರೆ. ನಿನ್ನನ್ನು ಎಬ್ಬಿಸಿ ಕೈಗೇ ಕೊಡಿ ಎಂದು ಕೇಳಿಕೊಂಡಿದ್ದೇನೆ. ಇದನ್ನು ಪೂರ್ತಿ ಓದುವವರೆಗೆ ಆ ಪಾಚಿಯ ಸಾರನ್ನು ಬಾಯಿಗಿಡಬೇಡ. ಯಾಕೆ ಎಂದು ಹೇಳುತ್ತೇನೆ.

ಪುಟಾಣಿಗೆ ಹುಷಾರಿಲ್ಲ, ಅಕ್ಕ. ಜ್ವರವಲ್ಲ, ಕೆಮ್ಮಲ್ಲ. ಮೂರು ತಿಂಗಳ ಮಗು ದಿನವಿಡೀ ನಿದ್ದೆ ಮಾಡುತ್ತಿತ್ತು, ಹಾಲಿಗೂ ನಾವೇ ಎಬ್ಬಿಸಬೇಕು. ಕೈಕಾಲು ಮುಟ್ಟಿದರೆ ತಣ್ಣಗೆ. ಬಂದವರೆಲ್ಲ ಎಂಥಾ ಒಳ್ಳೆ ಮಗು, ರಗಳೆಯೇ ಇಲ್ಲ ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಮಾತ್ರ ಗಳಿಗೆಗೊಮ್ಮೆ ಅದರ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ಆಸ್ಪತ್ರೆಗೆ ಹೊರಟಾಗ ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತರು.

"ನಮ್ಮ ಕಾಲದಲ್ಲಿ ಮಗು ಅತ್ತರೆ ಡಾಕ್ಟರ ಹತ್ರ ಓಡ್ತಿದ್ವಿ. ಇವಳು ಅಳಲಿಲ್ಲ ಅಂತ ಓಡ್ತಾಳಲ್ಲಪ್ಪಾ!"

"ಅಮ್ಮಾ, ಸ್ವಲ್ಪ ದಾರಿ ಬಿಡಮ್ಮ. ಇವಳು ಮಲಗದೆ ಎಷ್ಟು ದಿನ ಆಯ್ತು, ಅದಕ್ಕಾದ್ರೂ ಔಷಧಿ ಕೊಡ್ತಾರೆ" ಎಂದರು ಇವರು. ಆಗ ಇಬ್ಬರೂ ನಕ್ಕಿದ್ದರು.

ಡಾಕ್ಟರು ನನ್ನ ವಯಸ್ಸಿನವರೇ. ಮಗುವಿನ ಪಾದ ಚಿವುಟಿದರು. ಅದು ಅತ್ತಿತು. ಅವರ ಮುಖ ಬದಲಾಯಿತು. "ಅಳುವಾಗ ಯಾವಾಗ್ಲೂ ಗಂಟಲು ಹೀಗೇ ಕಟ್ಟಿದ ಹಾಗಿರುತ್ತಾ?" ಎಂದು ಕೇಳಿದರು. ಅದು ಸರಿಯಾಗಿ ಅತ್ತಿದ್ದನ್ನು ಕೇಳಿದ್ದರೆ ತಾನೇ ಹೇಳುವುದು?

ರಕ್ತ ಪರೀಕ್ಷೆಯಲ್ಲಿ ಸಿಕ್ಕಿತು: ಥೈರಾಯ್ಡ್, ಗಂಟಲಿನ ಗ್ರಂಥಿ, ಕೆಲಸವನ್ನೇ ನಿಲ್ಲಿಸಿಬಿಟ್ಟಿದೆ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ಹಾಗಾದರೆ ಆಮೇಲೆ ಏನಾಯಿತು? ನಾನು ಏನು ತಿನ್ನುತ್ತೇನೆ ಎಂದು ಒಂದೊಂದಾಗಿ ಕೇಳುತ್ತಾ ಹೋದರು. ಬೆಳಿಗ್ಗೆ, ರಾತ್ರಿ ಒಂದೊಂದು ಚಮಚ ಕಡಲಪಾಚಿ ಪುಡಿ ಸಾರಿಗೆ ಹಾಕಿಕೊಳ್ಳುತ್ತೇನೆ, ನಮ್ಮಕ್ಕ ಕಳಿಸುತ್ತಾಳೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು.

"ಅದರಲ್ಲಿ ಅಯೋಡಿನ್ ಇರುತ್ತೆ, ಗೊತ್ತಲ್ಲ?"

"ಗೊತ್ತು. ಒಳ್ಳೇದು ತಾನೇ? ಉಪ್ಪಿಗೇ ಸೇರಿಸ್ತಾರಲ್ಲ."

"ಬೇಕಾಗಿರೋದು ಚಿಟಿಕೆಯಲ್ಲಿ ಚಿಟಿಕೆ. ನೀವು ತಿಂದದ್ದು ನಿಮ್ಮ ಹಾಲಿನಲ್ಲಿ ಮಗುವಿಗೂ ಹೋಗುತ್ತೆ. ಅತಿಯಾದರೆ ಎಳೇ ಗ್ರಂಥಿ ತಡೆಯೋಲ್ಲ, ಮುಷ್ಕರ ಹೂಡಿಬಿಡುತ್ತೆ."

ನಾನು ವಾದ ಮಾಡಿದೆ. ಬಸುರಿಯಾಗಿದ್ದಾಗಲೂ ಇದನ್ನೇ ತಿಂದಿದ್ದೇನೆ, ಇದೇ ಚಮಚದಲ್ಲಿ, ಆಗ ಏನೂ ಆಗಲಿಲ್ಲವಲ್ಲ ಎಂದೆ. ಹಳೆಯ ಪೊಟ್ಟಣದ ತಳದಲ್ಲಿ ಸ್ವಲ್ಪ ಉಳಿದಿತ್ತು. ಅದನ್ನೂ ಈ ಸಲದ್ದನ್ನೂ ಲ್ಯಾಬಿಗೆ ಕಳಿಸಿದರು. ನಿನ್ನೆ ಸಂಜೆ ಫಲಿತಾಂಶ ಬಂತು. ಅದೇ ಪಾಚಿ, ಅದೇ ಕಡಲು, ಅದೇ ಒಣಗಿಸುವ ಮನೆ. ಈ ಸಲದ್ದರಲ್ಲಿ ಅಯೋಡಿನ್ ಹಳೆಯದರ ನಾಲ್ಕು ಪಟ್ಟಿಗೂ ಮೇಲೆ!

"ಬೇರೆ ಜಾತಿಯದಾ?" ಎಂದು ಕೇಳಿದರು.

ಅಲ್ಲ, ಕೊಯ್ದ ಕಾಲ ಬೇರೆ ಎಂದೆ. ನೀನು ಹೋದ ವರ್ಷದವರೆಗೆ ಬಿಸಿಲು ಏರಿದ ಮೇಲೆ, ಎಲೆ ಅಗಲವಾದ ಮೇಲೆ ಕೊಯ್ಯಿಸುತ್ತಿದ್ದೆ. ಈ ಸಲ ಚಳಿ ಇರುವಾಗಲೇ ಕೊಯ್ಯೋಣ ಎಂದು ಮಾಲೀಕರ ಹತ್ತಿರ ಹಟ ಹಿಡಿದು ಒಪ್ಪಿಸಿದವಳು ನೀನೇ. "ಬಿಸಿಲು ತಿಂದ ಎಲೆ ದಪ್ಪ, ಆದ್ರೆ ಬರೀ ಗಂಜಿ ಕಣೇ. ಎಳೇದ್ರಲ್ಲೇ ಪ್ರೊಟೀನು, ಎಳೇದ್ರಲ್ಲೇ ಸತ್ವ" ಎಂದು ಫೋನಿನಲ್ಲಿ ಎಷ್ಟು ಸಂಭ್ರಮಪಟ್ಟಿದ್ದೆ! ನೀನು ಹೇಳಿದ್ದು ಸುಳ್ಳಲ್ಲವಂತೆ. ಡಾಕ್ಟರೂ ಒಪ್ಪಿದರು, ಚಳಿಯ ಕೊಯ್ಲಿನಲ್ಲಿ ಪ್ರೊಟೀನು ಹೆಚ್ಚೇ ಇರುತ್ತದೆ. ಆದರೆ ಆಗಲೇ ಅಯೋಡಿನ್ನೂ ತುಂಬಿಕೊಂಡಿರುತ್ತದೆ, ಬಿಸಿಲು ಬಂದಂತೆ ಇಳಿಯುತ್ತದೆ. ಒಳ್ಳೆಯದೂ ಕೆಟ್ಟದ್ದೂ ಒಂದೇ ಎಲೆಯಲ್ಲಿ, ಒಂದೇ ತಿಂಗಳಲ್ಲಿ. ಪೊಟ್ಟಣದ ಮೇಲೆ ಪ್ಯಾಕ್ ಮಾಡಿದ ದಿನ ಇದೆ. ಕೊಯ್ದ ತಿಂಗಳನ್ನು ಯಾರು ಬರೆಯುತ್ತಾರೆ?

ಮೊದಲ ಕೊಯ್ಲಿನದನ್ನು ಮಾರಲು ಬಿಡದೆ ತಂಗಿಗೆಂದು ತೆಗೆದಿಟ್ಟೆಯಲ್ಲ ಅಕ್ಕ. ತಪ್ಪು ನಿನ್ನದು ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಪುಡಿ ನಿಲ್ಲಿಸಿದ್ದೇನೆ, ಪುಟಾಣಿಗೆ ಗುಳಿಗೆ ಅರೆದು ಕುಡಿಸುತ್ತಿದ್ದೇವೆ. ಬೇಗ ಕಂಡುಹಿಡಿದಿದ್ದು ಒಳ್ಳೆಯದಾಯಿತು, ಸರಿಹೋಗುವ ಸಾಧ್ಯತೆಯೇ ಹೆಚ್ಚು ಎಂದರು ಡಾಕ್ಟರು. ಸಾಧ್ಯತೆ ಎಂಬ ಪದವನ್ನು ರಾತ್ರಿಯಿಡೀ ಅಗಿಯುತ್ತಿದ್ದೇನೆ.

ಹಾಗೆ ಅಗಿಯುತ್ತಿರುವಾಗಲೇ ಆ ಮುಚ್ಚಳದ ಸದ್ದು. ಹೋಗಿ ದೀಪ ಹಾಕಿದರೆ ಅತ್ತೆ! ಅಂಗೈಯಲ್ಲಿ ಪುಡಿ ಸುರಿದುಕೊಂಡು ನೆಕ್ಕುತ್ತಿದ್ದಾರೆ, ತುಟಿಯೆಲ್ಲ ಹಸಿರು.

"ಅಯ್ಯೋ, ಏನು ಮಾಡ್ತಿದೀರಾ?"

"ನಂಗೇನಾಗುತ್ತೆ ನೋಡೋಣ ಅಂತ. ನಿನ್ನ ಡಾಕ್ಟರಮ್ಮ ಹುಟ್ಟೋಕೆ ಮುಂಚಿನಿಂದ ಸಿಕ್ಕಿದ್ದೆಲ್ಲ ತಿಂದು ಅರಗಿಸ್ಕೊಂಡಿದೀನಿ."

ನಗು ಬರಬೇಕಿತ್ತು. ನಾನು ಡಬ್ಬ ಕಿತ್ತುಕೊಂಡೆ. ಆ ಸಿಟ್ಟಿಗೆ ಅವರು ಒಂದು ಮಾತಾಡಿದರು. ಅದನ್ನು ಇಲ್ಲಿ ಬರೆಯಲು ಧೈರ್ಯ ಸಾಲುತ್ತಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ನೀನು ಚೆನ್ನಾಗಿರಬೇಕು ಅಕ್ಕ, ಮೈ ಕೈ ತುಂಬಿಕೊಂಡು ಚೆನ್ನಾಗಿರಬೇಕು.

ನಿನ್ನ,
ಗುಬ್ಬಿ

ಮತ್ತೆ: ಮಡಿಸಿಟ್ಟವಳು ಪುನಃ ಬಿಚ್ಚಿದೆ. ಅತ್ತೆ ಹೇಳಿದ್ದು ಇಷ್ಟು: "ನಿಮ್ಮಕ್ಕನೂ ಇದನ್ನೇ ಎರಡು ಹೊತ್ತೂ ಕುಡೀತಾಳೆ. ಐದು ತಿಂಗಳ ಬಸುರಿ, ಒಳಗಿರೋದು ಚೆನ್ನಾಗೇ ಒದೀತಿದೆಯಂತಲ್ಲ?" ಹೇಳಿದವರೇ ನಾಲಿಗೆ ಕಚ್ಚಿಕೊಂಡರು. ನೀನು ಆಣೆ ಹಾಕಿಸಿಕೊಂಡಿದ್ದೆಯಂತೆ. ಎರಡು ಸಲ ಬಸಿರು ಹೋಯ್ತು, ಎರಡು ಸಲವೂ ಗುಬ್ಬಿ ನನಗಿಂತ ಜಾಸ್ತಿ ಅತ್ತಳು, ಈ ಸಲ ಮಗು ಕೈಗೆ ಬಂದ ಮೇಲೇ ಅವಳಿಗೆ ಹೇಳೋದು ಎಂದೆಯಂತೆ. ನಮ್ಮತ್ತೆಗೆ ಹೇಳಿದೆ, ನನಗೆ ಹೇಳಲಿಲ್ಲ. ಇರಲಿ, ಅದಕ್ಕೆ ಆಮೇಲೆ ಜಗಳವಾಡೋಣ. ನಿನ್ನೆ ಡಾಕ್ಟರು ಕೇಳಿದ್ದರು: "ಬಸುರಿಯರು ಬೇರೆ ಯಾರಾದರೂ ಇದನ್ನು ತಿಂತಿದ್ದಾರಾ? ಹೊಟ್ಟೆಯಲ್ಲಿರೋ ಮಗುವಿಗೂ ಇದು ತಟ್ಟುತ್ತೆ." ಯಾರೂ ಇಲ್ಲ ಎಂದು ನಾನೇ ಹೇಳಿ ಬಂದೆ. ಅಕ್ಕ, ಅವರ ಮನೆಯ ನಂಬರ್ ನನ್ನ ಹತ್ತಿರ ಇದೆ, ಎಷ್ಟು ಹೊತ್ತಾದರೂ ಪರವಾಗಿಲ್ಲ ಎಂದಿದ್ದಾರೆ. ಹೆದರಬೇಡ. ಇಲ್ಲ, ಹೆದರು, ಆದರೆ ಒಬ್ಬಳೇ ಹೆದರಬೇಡ. ಫೋನ್ ಆನ್ ಮಾಡು. ಅಳಬೇಕಾದರೆ ಫೋನಿನಲ್ಲೇ ಅಳು, ನಾನು ಅಳುವುದಿಲ್ಲ, ಪುಟಾಣಿಯಾಣೆ. ಬೆಳಗಾಗುವ ಮುಂಚೆ ಫೋನ್ ಮಾಡು, ಅಕ್ಕ. ದಮ್ಮಯ್ಯ, ಬೆಳಗಾಗುವ ಮುಂಚೆ.