ಯುವರ್ ಅಂದರೆ ಬರೀ ನಿನ್ನ ಅಲ್ಲ

ಮುದ್ದೇಬಿಹಾಳ ತಾಲೂಕು
20-8-1998

ಪ್ರೀತಿಯ ಸಾಬೀರಾ,

ಸಿಂದಗಿಯಲ್ಲಿ ನೀನು, ನಿನ್ನ ಸಾಲಿ ಮಕ್ಕಳು ಎಲ್ಲ ಚೆನ್ನಾಗಿದ್ದೀರಲ್ಲ? ನಿನ್ನೆಯ ಸಿಟ್ಟು ನನಗಿನ್ನೂ ಇಳಿದಿಲ್ಲ, ಅದಕ್ಕೇ ಅಕ್ಷರ ಸೊಟ್ಟಗಿವೆ. ಸಹಿಸಿಕೊಂಡು ಓದು.

ನಮ್ಮ ಹೆಡ್‌ಮಾಸ್ತರರು ರಾವಸಾಬರು ಹೋದ ವಾರ ಎಲ್ಲರ ಮುಂದೆ ಅಂದುಬಿಟ್ಟರು: "ಟೀಚರ್, ನಿಮ್ಮ ಐದನೇ ಇಯತ್ತೆ ಹುಡುಗ್ಯಾರು ಇಂಗ್ಲಿಷ್‌ನಾಗ ಬಾಯೇ ಬಿಡಂಗಿಲ್ಲ. ಬುಧವಾರ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರ. ಅವತ್ತೂ ಹಿಂಗಾದ್ರ ಇಂಗ್ಲಿಷ್ ತಾಸು ನಾನ ತಗೋತೇನಿ." ಅವರ ತಾಸು ಹೇಗಿರುತ್ತದೆ ಗೊತ್ತಲ್ಲ? ಬೋರ್ಡಿನ ಮೇಲೆ ಉತ್ತರ ಬರೆಯುವುದು, ಹುಡುಗಿಯರು ತುಟಿಪಿಟಕ್ಕೆನ್ನದೆ ಇಳಿಸಿಕೊಳ್ಳುವುದು. ನನ್ನ ತಾಸು ಬಿಟ್ಟುಕೊಡುವುದಿಲ್ಲವೆಂದು ಅಲ್ಲೇ ನಿಶ್ಚಯ ಮಾಡಿದೆ.

ನಾಲತವಾಡದಿಂದ ಬಣ್ಣದ ಚಾರ್ಟು ತಂದೆ. ಟ್ರೇನಿಂಗಿನಲ್ಲಿ ಕಲಿಸಿದಂತೆ ಉದ್ದೇಶ, ಉಪಕರಣ ಎಲ್ಲ ಹಾಕಿ ಪಾಠ ಯೋಜನೆ ಬರೆದೆ. ಹುಡುಗಿಯರು ಒಬ್ಬರಿಗೊಬ್ಬರು ವಾಟ್ ಈಸ್ ಯುವರ್ ನೇಮ್ ಎಂದು ಪಟಪಟ ಕೇಳಿದರು. ನನ್ನನ್ನು ಕೇಳಿ ಎಂದೆ ನೋಡು, ಎಲ್ಲರೂ ಗಪ್‌ಚಿಪ್! ಗಂಟೆ ಹೊಡೆದ ಮೇಲೆ ಹನಮವ್ವ ಎಂಬವಳು ಹತ್ತಿರ ಬಂದು, "ಅಕ್ಕಾರ, ನಿಮಗ ನಿನ್ನ ಹೆಸರೇನು ಅಂತ ಹೆಂಗ ಕೇಳೂದ್ರಿ? ನಮ್ಮವ್ವ ಬಡೀತಾಳ್ರಿ" ಅಂದಳು.

ಅಯ್ಯ ನನ್ನ ಕರ್ಮವೇ! ಯುವರ್ ಅಂದರೆ ನಿನ್ನ ಎಂದು ಬೋರ್ಡಿನ ಮೇಲೆ ಬರೆದವಳು ನಾನೇ. ದೊಡ್ಡವರನ್ನು ಏಕವಚನದಲ್ಲಿ ಮಾತಾಡಿಸುವ ಭಾಷೆ ಎಂದು ಅವು ಹೆದರಿಬಿಟ್ಟಿದ್ದವು.

ಚಾರ್ಟು ಸುತ್ತಿಟ್ಟು ಯೋಜನೆ ಹೊಸದಾಗಿ ಬರೆದೆ. ಒಂದೇ ಕುರ್ಚಿ. ಅದರಲ್ಲಿ ನಾನು ಒಮ್ಮೆ ಅಜ್ಜಿ, ಒಮ್ಮೆ ಕಂಡಕ್ಟರ್, ಒಮ್ಮೆ ಕೂಸು. ಎಲ್ಲರಿಗೂ ಅದೇ ಯುವರ್. ಆದರೂ ಅವರಿಗೆ ಸಮಾಧಾನವಿಲ್ಲ, "ವಾಟ್ ಈಸ್ ಯುವರ್ ನೇಮ್‌ರಿ?" ಎಂದೇ ಕೇಳಿದರು. ಕೇಳಲಿ ಎಂದು ಬಿಟ್ಟೆ. ಎರಡು ದಿನದಲ್ಲಿ ಆ ರಿ ಇದ್ದಲ್ಲಿಗೆ ಸರ್, ಮೇಡಂ ತಂದು ಕೂರಿಸಿದೆ.

ನಿನ್ನೆ ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಹನಮವ್ವ ಎದ್ದು ನೇರವಾಗಿ ಅವರ ಹೆಸರನ್ನೇ ಕೇಳಿದಳು. ಸಾಹೇಬರು ನಗುತ್ತ ಹೇಳಿದರು. ರಾವಸಾಬರು ಮಾತ್ರ ಕೆಂಡವಾದರು. "ಸಾಹೇಬ್ರ, ನೋಡಿದ್ರಿಲ್ಲ? ಇಂಗ್ಲಿಷ್ ಅಂತ ಸೊಕ್ಕು ಕಲಿಸ್ಯಾರ. ನಾಳಿಂದ ಈ ತಾಸು ನಂದ."

ಹನಮವ್ವ ಇನ್ನೂ ನಿಂತೇ ಇದ್ದಳು. "ವೈ, ಸರ್?" ಅಂದಳು.

ಯಾಕ್ರಿ ಎಂದು ಕನ್ನಡದಲ್ಲಿ ಕೇಳಿದ್ದರೆ ಕಪಾಳಕ್ಕೆ ಬೀಳುತ್ತಿತ್ತು. ಸಾಹೇಬರು ರಾವಸಾಬರ ಕಡೆ ತಿರುಗಿ, "ಉತ್ತರ ಕೊಡ್ರಿ ಮಾಸ್ತರ, ಹುಡುಗಿ ಇಂಗ್ಲಿಷ್‌ನಾಗ ಕೇಳ್ಯಾಳ" ಅಂದರು. ರಾವಸಾಬರು ಕರವಸ್ತ್ರ ಹುಡುಕತೊಡಗಿದರು. ಇವತ್ತು ಬೆಳಿಗ್ಗೆ ಆ ತಾಸು ನಾನೇ ತೆಗೆದುಕೊಂಡೆ.

ಇಷ್ಟು ಓದಿ ಒಬ್ಬಳೇ ನಗಬೇಡ, ಅಮ್ಮೀಜಾನರಿಗೂ ಓದಿ ಹೇಳು.

ನಿನ್ನ ಜಗಳಗಂಟಿ,
ಶೈಲಶ್ರೀ

ತಾ.ಕ.: ಆ ಹುಡುಗಿ ವೈ ಎಲ್ಲಿ ಕಲಿತಳು ಎಂದು ರಾವಸಾಬರು ಸಂಜೆ ಕೇಳಿದರು. ಪುಸ್ತಕದಲ್ಲಿದೆ ಎಂದೆ. ಇದೆ, ಆದರೆ ಆ ಪಾಠ ಬರುವುದು ದೀಪಾವಳಿ ಆದ ಮೇಲೆ. ಮಂಗಳವಾರ ಸಂಜೆ ಎಲ್ಲ ಹುಡುಗಿಯರನ್ನೂ ನಮ್ಮ ಮನೆ ಕಟ್ಟೆಯ ಮೇಲೆ ಕೂರಿಸಿ ಅದೊಂದನ್ನೇ ಕಲಿಸಿದ್ದೆ. ಹನಮವ್ವ ಕೇಳದಿದ್ದರೆ ಇನ್ನೊಬ್ಬಳು ಕೇಳುತ್ತಿದ್ದಳು.