ಸೊಂಟದ ಮೂರು ಸೂಜಿ

ಮಾರ್ಚ್ 4, ಸೋಮವಾರ, ಬೆಳಿಗ್ಗೆ 11

ಆಸ್ಪತ್ರೆಯಲ್ಲಿ ಎರಡನೇ ಸಲ ಕುರ್ಚಿ. ಬಟ್ಟೆ ಬಿಚ್ಚಬೇಕಿಲ್ಲ, ಕೂತರೆ ಸಾಕು. ಅಡಿಯಿಂದ ಅಯಸ್ಕಾಂತ ಟಕ್ ಟಕ್ ಎಂದು ಕೆಳಹೊಟ್ಟೆಯ ಸ್ನಾಯುಗಳನ್ನು ಹಿಂಡುತ್ತದೆ. ಫೋನು, ಬಳೆ ತೆಗೆದಿಟ್ಟೆ. ನನ್ನನ್ನು ಮಕ್ ಚಿಕ್, ಚಿಕ್ಕಮ್ಮ, ಅಂತಲೇ ಕರೆಯುವ ನರ್ಸ್ ಸುಹೈಲಾ ಮತ್ತೆ ಕೇಳಿದಳು.

"ಮೈಯೊಳಗೆ ಲೋಹ ಏನಾದ್ರೂ ಇದ್ಯಾ ಮಕ್ ಚಿಕ್? ಪೇಸ್‌ಮೇಕರ್, ರಾಡು?"

"ಅರವತ್ತು ವರ್ಷದ ಮೈಯಲ್ಲಿ ಇನ್ನೇನಿರುತ್ತೆ ಕಣಮ್ಮ, ಗ್ಯಾಸು!"

ನಕ್ಕಳು. ನಾನೂ ನಕ್ಕೆ — ಮೂತ್ರ ಜಾರಿ ಒದ್ದೆಯಾಯಿತು. ಇದೇ ನನ್ನ ಗೋಳು. ಮುಂದಿನ ವಾರ ರಂಜಾನ್. ನಮಾಜಿನ ಸಾಲಿನಲ್ಲಿ ನಿಂತು ಬಾಗಿದಾಗ ಒಂದು ಹನಿ ಜಾರಿದರೂ ಕೈಕಾಲು ತೊಳೆದು ಪಡೆದ ಶುದ್ಧಿ, ವುಜೂ, ಮುರಿಯುತ್ತದೆ. ಹೋದ ವರ್ಷ ಅರ್ಧಕ್ಕೇ ಎದ್ದು ಬಂದಿದ್ದೆ, ಎಲ್ಲರೆದುರು.

ನೀರು ಚೆನ್ನಾಗಿ ಕುಡಿಯಬೇಕಂತೆ. ಎರಡು ದಿನ ಮೈಕೈ ನೋವು ಸಹಜವಂತೆ. ಬಿಸಿ ಅನ್ನಿಸಿದರೆ ತಕ್ಷಣ ಕೆಂಪು ಗುಂಡಿ ಒತ್ತಬೇಕಂತೆ.

ಮಾರ್ಚ್ 7

ಮೂರನೇ ಸಲ ಕುರ್ಚಿ. ಬಿಸಿ ಅನ್ನಿಸಿತು. ಎಡಸೊಂಟದಲ್ಲಿ. ಗುಂಡಿ ಒತ್ತಲಿಲ್ಲ.

ಹದಿನೇಳನೇ ವಯಸ್ಸಿಗೆ ಅಜ್ಜಿ ಅಲ್ಲೇ ಸೂಸುಕ್ ಇಟ್ಟಿದ್ದಳು. ಚಿನ್ನದ ಮೂರು ಸೂಜಿ, ಕೂದಲಿನಷ್ಟು ಸಣ್ಣ, ಚರ್ಮದ ಕೆಳಗೆ, ಮಂತ್ರ ಹೇಳಿ. ಜೋಗೆಟ್ ಕುಣಿಯುವಾಗ ಜನರ ಕಣ್ಣು ನನ್ನ ಸೊಂಟ ಬಿಟ್ಟು ಕದಲಬಾರದು ಎಂದು. ಕದಲಲಿಲ್ಲ. ಆಮೇಲೆ ಮದುವೆ, ಹಜ್, ತಲೆ ತುಂಬ ಸೆರಗು. ಪಾಪದ ವಸ್ತು. ಆ ನರ್ಸ್ ಹುಡುಗಿಗೆ ಹೇಗೆ ಹೇಳಲಿ?

ಸಂಜೆ ಜೋರಾಗಿ ಕೆಮ್ಮಿದೆ. ಒಂದು ಹನಿಯೂ ಇಲ್ಲ! ಸಂತೋಷಕ್ಕೆ ಕಣ್ಣೀರೇ ಬಂತು.

ಮಾರ್ಚ್ 11

ಸುಟ್ಟ ಗುಳ್ಳೆ ನೋಡಿ ಸುಹೈಲಾ ಮೆಷಿನ್ ಆರಿಸಿಬಿಟ್ಟಳು. ಹೇಳಲೇಬೇಕಾಯಿತು.

"ಅಯ್ಯೋ, ಕೇಳ್ದಾಗ್ಲೇ ಬಾಯ್ಬಿಡೋಕೇನಾಗಿತ್ತು? ಒಳಗೇ ಬೆಂದೋಗ್ತಿತ್ತು!"

ಎಕ್ಸ್-ರೇ. ಅಜ್ಜಿ ಅಡ್ಡಡ್ಡ ಇಟ್ಟಿದ್ದು ಚೆನ್ನಾಗಿ ನೆನಪಿದೆ. ಈಗ ಮೂರೂ ನೆಟ್ಟಗೆ ನಿಂತಿವೆ, ಒಂದರ ಪಕ್ಕ ಒಂದು. ಡಾಕ್ಟರು ಕುರ್ಚಿ ಬಂದ್ ಎಂದರು.

ಮಾರ್ಚ್ 13, ಮಧ್ಯಾಹ್ನ 3

ಎರಡನೇ ಉಪವಾಸ. ನಮ್ಮ ಓಣಿಯ ಸಣ್ಣ ಮಸೀದಿ ಸೂರಾವ್‌ನಲ್ಲಿ ಹೆಂಗಸರ ಸಾಲಿನಲ್ಲಿ ನಿಂತೆ. ಬಾಗಿದೆ, ಎದ್ದೆ. ಒಣಗಿಯೇ ಇದ್ದೆ. ಆಮೇಲೆ ಸೊಂಟದೊಳಗೆ ಟಕ್ ಟಕ್ ಶುರುವಾಯಿತು. ಕುರ್ಚಿಯಿಲ್ಲ, ಏನಿಲ್ಲ. ಹಲ್ಲು ಕಚ್ಚಿ ನಿಂತೆ.

ನಮಾಜು ಮುಗಿದ ಮೇಲೆ ಪಕ್ಕದ ಜೈತುನ್ ನನ್ನ ಕಡೆ ನೋಡಲೇ ಇಲ್ಲ. ಚಾಪೆ ಸುತ್ತುತ್ತಾ ಮೆಲ್ಲಗೆ ಅಂದಳು, "ಅಲ್ಲಾನ ಮುಂದೆ ಕುಣೀತೀರಲ್ಲ ಅಕ್ಕ..."

ಸೊಂಟ ಕುಣಿದದ್ದು ನನಗೆ ಗೊತ್ತೇ ಆಗಿರಲಿಲ್ಲ. ಹಿಂದಿನ ಸಾಲಿನ ಹೆಂಗಸರಾರೂ ಎದ್ದಿರಲಿಲ್ಲ. ಎಲ್ಲರ ಕಣ್ಣೂ ನನ್ನ ಸೊಂಟದ ಮೇಲೆ. ರೆಪ್ಪೆ ಬಡಿಯದೆ.

ಮನೆಗೆ ಬಂದು ಬಾಗಿಲು ಹಾಕಿ ಬರೆಯುತ್ತಿದ್ದೇನೆ. ಕೂತೇ ಇದ್ದೇನೆ, ಆದರೂ ಸೊಂಟ ನಿಲ್ಲದೆ ಅಕ್ಷರಗಳು ಓಲಾಡುತ್ತಿವೆ. ಕಿಟಕಿಯ ಹೊರಗೆ ಯಾರೋ ಬಂದು ನಿಂತ ಹಾಗೆ — ಒಬ್ಬರಲ್ಲ, ಆ ಹಿಂದಿನ ಸಾಲು ಪೂರ್ತಿ.